ನಲವತ್ತು ವರ್ಷಕ್ಕೊಂದು ಫೈನಲ್

ಕೃಷ್ಣರಾಜಪುರದ ತೂಗುಸೇತುವೆಯ ಬಳಿ ಸಂಜೆ ಹೊತ್ತು ಸಿಕ್ಕಿಹಾಕಿಕೊಂಡವರಿಗೆ ಸುತ್ತಮುತ್ತ ನೋಡಲು ಬೇಕಾದಷ್ಟು ಸಮಯ ಸಿಗುತ್ತದೆ. ವೈಟ್‌ಫೀಲ್ಡ್ ಕಡೆಯಿಂದ ಬರುವ ಕಂಪನಿ ಬಸ್ಸುಗಳು, ಹೊಸಕೋಟೆಯಿಂದ ಬರುವ ತರಕಾರಿ ಟೆಂಪೊಗಳು, ತಲೆಯ ಮೇಲೆ ನೇರಳೆ ಮಾರ್ಗದ ಮೆಟ್ರೊ. ಈ ಗದ್ದಲಕ್ಕೆ ಆತುಕೊಂಡೇ ದೂರವಾಣಿನಗರವಿದೆ. ನಾನು ಈ ಭಾಗಕ್ಕೆ ಬಾಡಿಗೆಗೆ ಬಂದು ವರ್ಷವಾದರೂ ಆ ಹೆಸರಿನ ಬಗ್ಗೆ ಯೋಚಿಸಿರಲಿಲ್ಲ. ಬೆಂಗಳೂರಿನಲ್ಲಿ ಬಡಾವಣೆಗಳ ಹೆಸರುಗಳು ಹೇಗೆ ಹೇಗೋ ಇರುತ್ತವೆ, ಇದೂ ಹಾಗೇ ಎಂದುಕೊಂಡಿದ್ದೆ. ಒಂದು ಕಾಲಕ್ಕೆ ದೇಶದ ಮನೆಮನೆಯ ಕಪ್ಪು ಟೆಲಿಫೋನು ಇಲ್ಲೇ ತಯಾರಾಗುತ್ತಿತ್ತು, ಊರಿಗೆ ಆ ಹೆಸರು ಬಂದದ್ದು ಅದರಿಂದ ಎಂದು ತಿಳಿದದ್ದು ನಮ್ಮ ಮನೆ ಮಾಲೀಕರಿಂದ.

ಅವರು ನಿವೃತ್ತ ಕಾರ್ಖಾನೆ ನೌಕರರು. ಒಂದು ಭಾನುವಾರ ಬಾಡಿಗೆ ಕೊಡಲು ಕೆಳಗಿಳಿದಾಗ ಟಿವಿಯಲ್ಲಿ ಫುಟ್‌ಬಾಲ್ ನಡೆಯುತ್ತಿತ್ತು. ಯಾವ ತಂಡ ಎಂದು ಕೇಳಿದೆ. ಅದಕ್ಕೆ ಉತ್ತರ ಕೊಡದೆ, ‘ಎಪ್ಪತ್ತೇಳರಲ್ಲಿ ಮೋಹನ್ ಬಗಾನ್‌ನ ಸೋಲಿಸಿದ್ವಿ ಕಣಮ್ಮಾ’ ಎಂದರು. ಅವರು ಆಟಗಾರರಾಗಿದ್ದರು ಎಂದೇ ತಿಳಿದು, ಯಾವ ಜಾಗದಲ್ಲಿ ಆಡುತ್ತಿದ್ದಿರಿ ಎಂದೆ. ನಕ್ಕುಬಿಟ್ಟರು. ಜೀವನದಲ್ಲಿ ಒಂದು ಸಲವೂ ಬೂಟು ಕಟ್ಟಿದವರಲ್ಲವಂತೆ. ಅಸೆಂಬ್ಲಿ ವಿಭಾಗದಲ್ಲಿ ಕೂತು ರಿಲೇಗಳನ್ನು ಜೋಡಿಸುತ್ತಿದ್ದರು, ಅಷ್ಟೇ. ಆದರೂ ‘ಸೋಲಿಸಿದ್ವಿ’ ಎಂಬ ಕ್ರಿಯಾಪದ ಅವರ ಬಾಯಲ್ಲಿ ಸಲೀಸಾಗಿ ಬಂತು.

ಆ ‘ನಾವು’ ಯಾರು ಎಂದು ಹುಡುಕುತ್ತಾ ಹೋದಾಗ ಬರೆದುಕೊಂಡ ಟಿಪ್ಪಣಿಗಳೇ ಈ ಲೇಖನ.

*

ಮೊದಲು ಆ ಪಂದ್ಯದ ವಿಷಯ. 1977ಕ್ಕೆ ಮುಂಚೆ ಭಾರತದಲ್ಲಿ ಫುಟ್‌ಬಾಲ್ ಕ್ಲಬ್ಬುಗಳಿಗೆಂದೇ ಫೆಡರೇಷನ್ ನಡೆಸುವ ರಾಷ್ಟ್ರೀಯ ಟೂರ್ನಿ ಇರಲಿಲ್ಲ. ರಾಜ್ಯ ತಂಡಗಳಿಗೆ ಸಂತೋಷ್ ಟ್ರೋಫಿ ಇತ್ತು. ಕ್ಲಬ್ಬುಗಳಿಗೆ 1888ರಲ್ಲಿ ಶುರುವಾದ ಡುರಾಂಡ್, 1891ರ ರೋವರ್ಸ್, 1893ರ ಐಎಫ್‌ಎ ಶೀಲ್ಡ್ ಇದ್ದವು. ಆದರೆ ಅವು ಬೇರೆ ಬೇರೆ ಸಂಘಟಕರು ತಂಡಗಳನ್ನು ಆಹ್ವಾನಿಸಿ ನಡೆಸುತ್ತಿದ್ದ ಟೂರ್ನಿಗಳು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ತಾನೇ ಮುಂದಾಗಿ ಕ್ಲಬ್ಬುಗಳಿಗಾಗಿ ಶುರುಮಾಡಿದ್ದು ಫೆಡರೇಷನ್ ಕಪ್. ಮೊದಲ ಆವೃತ್ತಿ ಎರ್ನಾಕುಲಂನಲ್ಲಿ ನಡೆಯಿತು. ಫೈನಲ್‌ನಲ್ಲಿ ಬೆಂಗಳೂರಿನ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, ಅಂದರೆ ಐಟಿಐ, ಕೋಲ್ಕತ್ತದ ಮೋಹನ್ ಬಗಾನ್ ತಂಡವನ್ನು 1-0ಯಿಂದ ಸೋಲಿಸಿತು.

ಇದರ ತೂಕ ತಿಳಿಯಬೇಕಾದರೆ ಸೋತವರು ಯಾರೆಂದು ನೋಡಬೇಕು. ಅದೇ 1977ರಲ್ಲಿ ಮೋಹನ್ ಬಗಾನ್ ಐಎಫ್‌ಎ ಶೀಲ್ಡ್, ರೋವರ್ಸ್, ಡುರಾಂಡ್ ಮೂರನ್ನೂ ಒಂದೇ ಋತುವಿನಲ್ಲಿ ಗೆದ್ದಿತು. ಯಾವ ಭಾರತೀಯ ಕ್ಲಬ್ಬೂ ಅದಕ್ಕೆ ಮುಂಚೆ ಹಾಗೆ ಗೆದ್ದಿರಲಿಲ್ಲ. ಆ ವರ್ಷದ ಸೆಪ್ಟೆಂಬರ್ 24ರಂದು ಈಡನ್ ಗಾರ್ಡನ್ಸ್‌ನಲ್ಲಿ ಪೆಲೆ ಆಡಿದ ನ್ಯೂಯಾರ್ಕ್ ಕಾಸ್ಮಾಸ್ ತಂಡವನ್ನು 2-2ರಲ್ಲಿ ಹಿಡಿದು ನಿಲ್ಲಿಸಿತು. ಬಂಗಾಳದಲ್ಲಿ ಆ ಪಂದ್ಯವನ್ನು ಅಜ್ಜಂದಿರು ಮೊಮ್ಮಕ್ಕಳಿಗೆ ಇಂದಿಗೂ ಹೇಳುತ್ತಾರೆ. ಅದೇ ವರ್ಷ ಅಂಥ ತಂಡವನ್ನು ಫೈನಲ್‌ನಲ್ಲಿ ಸೋಲಿಸಿದವರು ಬೆಂಗಳೂರಿನ ಹೊರವಲಯದ ಒಂದು ಕಾರ್ಖಾನೆಯ ನೌಕರರು.

ಇಲ್ಲೊಂದು ಕಾಕತಾಳೀಯವೂ ಇದೆ. 1977ಕ್ಕೆ ಸರಿಯಾಗಿ ನಲವತ್ತು ವರ್ಷ ಹಿಂದೆ, 1937ರಲ್ಲಿ, ಮುಂಬೈಯ ರೋವರ್ಸ್ ಕಪ್ ಫೈನಲ್‌ನಲ್ಲಿ ಬ್ಯಾಂಗಲೋರ್ ಮುಸ್ಲಿಮ್ಸ್ ಎಂಬ ತಂಡ ಕೋಲ್ಕತ್ತದ ಮೊಹಮ್ಮಡನ್ ಸ್ಪೋರ್ಟಿಂಗ್ ಅನ್ನು ಸೋಲಿಸಿತು. ಮೊಹಮ್ಮಡನ್ ಆಗ ತನ್ನ ಉತ್ತುಂಗದಲ್ಲಿತ್ತು. 1934ರಿಂದ 1938ರವರೆಗೆ ಸತತ ಐದು ವರ್ಷ ಕೋಲ್ಕತ್ತ ಲೀಗ್ ಗೆದ್ದಿತ್ತು. 1977ಕ್ಕೆ ನಲವತ್ತು ವರ್ಷ ಮುಂದೆ, 2017ರ ಮೇ 21ರಂದು, ಕಟಕ್‌ನ ಬಾರಾಬತಿ ಕ್ರೀಡಾಂಗಣದಲ್ಲಿ ಕೊನೆಯ ಫೆಡರೇಷನ್ ಕಪ್ ಫೈನಲ್ ನಡೆಯಿತು. ಬೆಂಗಳೂರು ಎಫ್‌ಸಿ ಹೆಚ್ಚುವರಿ ಸಮಯದಲ್ಲಿ ಎರಡು ಗೋಲು ಹೊಡೆದು ಗೆದ್ದಿತು. ಸೋತದ್ದು ಮತ್ತೆ ಮೋಹನ್ ಬಗಾನ್.

ಹೀಗೆ ಮೂರು ಫೈನಲ್‌ಗಳಲ್ಲಿ ಮೂರು ಸಲವೂ ಬೆಂಗಳೂರು ಕೋಲ್ಕತ್ತವನ್ನು ಸೋಲಿಸಿತು. ಇಸವಿಗಳು ಸಾಲಾಗಿ ಬಂದದ್ದಕ್ಕೆ ಅರ್ಥ ಹುಡುಕಬೇಕಿಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ಗೆದ್ದ ತಂಡಗಳ ಬೆನ್ನ ಹಿಂದೆ ಇದ್ದ ಲೋಕ. ಮೊದಲನೆಯದು ದಂಡಿನ ತಂಡ, ಎರಡನೆಯದು ಕಾರ್ಖಾನೆಯ ತಂಡ, ಮೂರನೆಯದು ಬಂಡವಾಳ ಹೂಡಿದ ಕಂಪನಿಯ ತಂಡ. ಬೆಂಗಳೂರು ತನ್ನ ಹುಡುಗರಿಗೆ ಸಂಬಳವನ್ನೂ ಸಮಯವನ್ನೂ ಹೇಗೆ ಕೊಟ್ಟಿತು ಎಂಬ ಕಥೆ ಈ ಮೂರರಲ್ಲಿ ಅಡಗಿದೆ.

*

ಬೆಂಗಳೂರಿನ ಹಳಬರು ಕಂಟೋನ್ಮೆಂಟನ್ನು ದಂಡು ಎಂದೇ ಕರೆಯುತ್ತಾರೆ. 1809ರಲ್ಲಿ ಬ್ರಿಟಿಷರು ಶ್ರೀರಂಗಪಟ್ಟಣದಲ್ಲಿದ್ದ ತಮ್ಮ ಸೇನಾ ನೆಲೆಯನ್ನು ಬೆಂಗಳೂರಿಗೆ ತಂದರು. 1834ರಲ್ಲಿ ಮದ್ರಾಸ್ ಸ್ಯಾಪರ್ಸ್ ಇಲ್ಲಿಗೆ ಬಂದು ನೆಲೆಸಿದರು. ಇವತ್ತಿಗೂ ಹಲಸೂರು ಕೆರೆಯ ಆಚೀಚೆ ಇರುವ ಎಂಇಜಿ ಅವರದೇ ಮುಂದುವರಿಕೆ. ಪೇಟೆ ಒಂದು ಕಡೆ, ದಂಡು ಇನ್ನೊಂದು ಕಡೆ. ಪೇಟೆ ಮೈಸೂರು ಅರಸರದು, ದಂಡು ಬ್ರಿಟಿಷರದು. ದಂಡು ಪ್ರದೇಶ ಮೈಸೂರಿಗೆ ಮರಳಿ ಸೇರಿದ್ದು 1947ರ ಜುಲೈನಲ್ಲಿ. ಎರಡು ನಗರಸಭೆಗಳು ಒಂದಾದದ್ದು 1949ರಲ್ಲಿ. ಅಲ್ಲಿಯವರೆಗೆ ಎರಡರ ಆಡಳಿತ ಬೇರೆ, ಮಾತು ಬೇರೆ, ಆಟವೂ ಬೇರೆ.

ದಂಡಿನ ಜೊತೆ ಬಂದವರು ಸೈನಿಕರು ಮಾತ್ರವಲ್ಲ. ಅಡುಗೆಯವರು, ಕುದುರೆ ನೋಡಿಕೊಳ್ಳುವವರು, ದರ್ಜಿಗಳು, ಗುತ್ತಿಗೆದಾರರು, ಬೇಕರಿಯವರು ಎಲ್ಲರೂ ಬಂದರು. ಹೆಚ್ಚಿನವರ ಮನೆಮಾತು ತಮಿಳು ಅಥವಾ ಉರ್ದು. ಶಿವಾಜಿನಗರ, ಮರ್ಫಿ ಟೌನ್, ಆಸ್ಟಿನ್ ಟೌನ್, ಗೌತಮಪುರ ಮುಂತಾದ ಕಡೆ ಅವರ ಮಕ್ಕಳು ಮೊಮ್ಮಕ್ಕಳು ಬೆಳೆದರು. ಪಕ್ಕದಲ್ಲೇ ಪರೇಡ್ ಮೈದಾನಗಳು. ಸಂಜೆಯಾದರೆ ರೆಜಿಮೆಂಟುಗಳ ನಡುವೆ ಪಂದ್ಯ. ಫುಟ್‌ಬಾಲ್ ಈ ನಗರದ ಮಣ್ಣಿಗೆ ಇಳಿದದ್ದು ಇಲ್ಲಿ. ಗೌತಮಪುರದ ಬೀದಿಯಲ್ಲಿ ಇಂದಿಗೂ ಪೆಲೆಯ ಪ್ರತಿಮೆ ನಿಂತಿದೆ.

ಬ್ಯಾಂಗಲೋರ್ ಮುಸ್ಲಿಮ್ಸ್ ಈ ದಂಡಿನ ಕೂಸು. ರೋವರ್ಸ್ ಕಪ್ ಶುರುವಾದ 1891ರಿಂದ 1936ರವರೆಗೆ ಅದನ್ನು ಗೆದ್ದವೆಲ್ಲ ಬ್ರಿಟಿಷ್ ಸೇನೆಯ ತಂಡಗಳು. ಆ ಸಾಲನ್ನು ಮುರಿದ ಮೊದಲ ಭಾರತೀಯ ತಂಡ ಇದು. ಮರುವರ್ಷ, 1938ರಲ್ಲಿ, ಕಪ್ಪನ್ನು ತನ್ನಲ್ಲೇ ಉಳಿಸಿಕೊಂಡಿತು. 1948ರಲ್ಲಿ ಮತ್ತೆ ಗೆದ್ದಿತು. 1911ರಲ್ಲಿ ಮೋಹನ್ ಬಗಾನ್ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟನ್ನು ಸೋಲಿಸಿ ಐಎಫ್‌ಎ ಶೀಲ್ಡ್ ಗೆದ್ದದ್ದನ್ನು ಬಂಗಾಳ ಸ್ವಾತಂತ್ರ್ಯ ಚಳವಳಿಯ ಒಂದು ಅಧ್ಯಾಯವಾಗಿ ಓದುತ್ತದೆ. 1937ರ ಮುಂಬೈ ನಮ್ಮ ಶಾಲಾಪುಸ್ತಕದ ಅಂಚಿನಲ್ಲೂ ಇಲ್ಲ.

ದಂಡಿನ ಈ ಶಾಲೆಯಲ್ಲಿ ಕಲಿತವರು ದೇಶಕ್ಕೂ ಆಡಿದರು. ಬ್ಯಾಂಗಲೋರ್ ಮುಸ್ಲಿಮ್ಸ್‌ನಿಂದ ಬಂದ ಅಹಮದ್ ಖಾನ್ 1948 ಮತ್ತು 1952ರ ಒಲಿಂಪಿಕ್ಸ್‌ನಲ್ಲಿ ಆಡಿದರು, 1951ರ ಏಷ್ಯನ್ ಗೇಮ್ಸ್ ಚಿನ್ನ ಗೆದ್ದ ತಂಡದಲ್ಲಿದ್ದರು. ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಗೋಲು ಹೊಡೆದ ಸಾರಂಗಪಾಣಿ ರಾಮನ್ ಮೈಸೂರು ರಾಜ್ಯದ ಆಟಗಾರ. 1948ರ ಜುಲೈ 31ರಂದು ಫ್ರಾನ್ಸ್ ವಿರುದ್ಧ ಭಾರತ 1-2ರಲ್ಲಿ ಸೋತ ಪಂದ್ಯ ಅದು; ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲಿ ಆಡಿದ್ದರು. ಮೈಸೂರು ರಾಜ್ಯ ತಂಡ 1946-47, 1952-53, 1967-68 ಮತ್ತು 1968-69ರಲ್ಲಿ ಸಂತೋಷ್ ಟ್ರೋಫಿ ಗೆದ್ದಿತು.

*

ಸೇನೆಗೂ ಫುಟ್‌ಬಾಲಿಗೂ ಇರುವ ನಂಟು ಬೆಂಗಳೂರಿನದು ಮಾತ್ರವಲ್ಲ. 1949ರಲ್ಲಿ ಹಂಗೆರಿಯ ರಕ್ಷಣಾ ಇಲಾಖೆ ಬುಡಾಪೆಸ್ಟಿನ ಕಿಶ್‌ಪೆಸ್ಟ್ ಎಂಬ ಕ್ಲಬ್ಬನ್ನು ತನ್ನ ಕೈಗೆ ತೆಗೆದುಕೊಂಡು ಹೊನ್ವೇದ್ ಎಂದು ಹೆಸರಿಟ್ಟಿತು. ಪುಸ್ಕಾಸ್, ಬೋಜಿಕ್ ಮೊದಲೇ ಅಲ್ಲಿದ್ದರು. ಉಳಿದ ದೊಡ್ಡ ಆಟಗಾರರನ್ನು ಸೇನೆಯ ಲೆಕ್ಕದಲ್ಲಿ ಅಲ್ಲಿಗೆ ತಂದರು. 1953ರಲ್ಲಿ ವೆಂಬ್ಲಿಯಲ್ಲಿ ಇಂಗ್ಲೆಂಡನ್ನು 6-3ರಿಂದ ಸೋಲಿಸಿದ ಹಂಗೆರಿ ತಂಡದ ಬೆನ್ನೆಲುಬು ಈ ಸೇನಾ ಕ್ಲಬ್ಬು. ನಮ್ಮಲ್ಲೂ ನೀಲಗಿರಿಯ ವೆಲಿಂಗ್ಟನ್‌ನಲ್ಲಿರುವ ಮದ್ರಾಸ್ ರೆಜಿಮೆಂಟಲ್ ಸೆಂಟರ್ 1955 ಮತ್ತು 1958ರಲ್ಲಿ ಡುರಾಂಡ್ ಕಪ್ ಗೆದ್ದಿತು. ಒಲಿಂಪಿಯನ್ ಗೋಲ್‌ಕೀಪರ್ ಪೀಟರ್ ತಂಗರಾಜ್ ಆ ತಂಡದವರು. ಆ ಎರಡು ಫೈನಲ್‌ಗಳಲ್ಲಿ ಎದುರಿಗಿದ್ದವರೂ ಸೇನೆಯವರೇ: ಮೊದಲ ಸಲ ವಾಯುಪಡೆ, ಎರಡನೆಯ ಸಲ ಗೂರ್ಖಾ ಬ್ರಿಗೇಡ್.

ಸೇನಾ ತಂಡ ಗೆಲ್ಲುವುದಕ್ಕೆ ಕಾರಣ ದೇಶಭಕ್ತಿಯೂ ಅಲ್ಲ, ಕಟ್ಟುಮಸ್ತಾದ ಮೈಯೂ ಅಲ್ಲ ಎನಿಸುತ್ತದೆ. ಸೈನಿಕನಿಗೆ ಹೊಟ್ಟೆ ತುಂಬ ಊಟವಿದೆ, ತಿಂಗಳ ಸಂಬಳವಿದೆ, ಮೈದಾನವಿದೆ, ಆಡುವುದನ್ನೂ ಕೆಲಸದ ಭಾಗವೆಂದು ಒಪ್ಪುವ ಮೇಲಧಿಕಾರಿ ಇದ್ದಾನೆ. ಎಲ್ಲಕ್ಕಿಂತ ಹೆಚ್ಚಾಗಿ, ಅದೇ ಹನ್ನೊಂದು ಜನ ವರ್ಷಗಟ್ಟಲೆ ಒಟ್ಟಿಗೆ ಇರುತ್ತಾರೆ. ಫುಟ್‌ಬಾಲ್ ತಂಡಕ್ಕೆ ಬೇಕಾದದ್ದು ಇಷ್ಟೇ. ಆದರೆ ಇಷ್ಟನ್ನು ಒಟ್ಟಿಗೆ ಕೊಡಬಲ್ಲ ಸಂಸ್ಥೆ ಸುಲಭಕ್ಕೆ ಸಿಗುವುದಿಲ್ಲ.

ಕಾರ್ಖಾನೆ ಅಂಥ ಇನ್ನೊಂದು ಸಂಸ್ಥೆ. 1886ರಲ್ಲಿ ಲಂಡನ್ನಿನ ವುಲ್ವಿಚ್‌ನಲ್ಲಿ ಮದ್ದುಗುಂಡು ಕಾರ್ಖಾನೆಯ ಕೆಲಸಗಾರರು ಕಟ್ಟಿದ ತಂಡವೇ ಇಂದಿನ ಆರ್ಸೆನಲ್. ಅದರ ಲಾಂಛನದಲ್ಲಿ ಈಗಲೂ ಫಿರಂಗಿ ಇದೆ. ಹಾಲೆಂಡಿನ ಪಿಎಸ್‌ವಿ 1913ರಲ್ಲಿ ಫಿಲಿಪ್ಸ್ ಕಾರ್ಖಾನೆಯ ನೌಕರರಿಗಾಗಿ ಹುಟ್ಟಿದ್ದು. ದಂಡಿನಿಂದ ಕಾರ್ಖಾನೆಗೆ ಹೋಗುವ ಈ ದಾರಿಯನ್ನು ಬೆಂಗಳೂರು ಕೂಡ ತುಳಿಯಿತು.

*

1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆಗೂಡಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರುಮಾಡಿದರು. ಯುದ್ಧಕಾಲದಲ್ಲಿ ಅದು ವಿಮಾನ ರಿಪೇರಿಯ ದೊಡ್ಡ ಕೇಂದ್ರವಾಯಿತು. ಮುಂದೆ ಎಚ್‌ಎಎಲ್ ಆಯಿತು. 1948ರಲ್ಲಿ ಐಟಿಐ ಬಂತು. ಸ್ವತಂತ್ರ ಭಾರತದ ಮೊದಲ ಸಾರ್ವಜನಿಕ ಉದ್ಯಮ ಅದು. ಲಿವರ್‌ಪೂಲಿನ ಕಂಪನಿಯೊಂದರ ತಂತ್ರಜ್ಞಾನ ಪಡೆದು ಇಲ್ಲಿ ಟೆಲಿಫೋನುಗಳನ್ನೂ ಸ್ಟ್ರೌಜರ್ ಎಕ್ಸ್‌ಚೇಂಜುಗಳನ್ನೂ ತಯಾರಿಸತೊಡಗಿದರು. 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಜಾಲಹಳ್ಳಿಯ ಕಡೆ ಬಂದವು, 1964ರಲ್ಲಿ ಬಿಇಎಂಎಲ್. ಹಳೆಯ ನಗರದ ಅಂಚಿನಲ್ಲಿ, ಹೊಲಗಳ ನಡುವೆ, ಒಂದೊಂದೂ ಒಂದೊಂದು ಊರಾಗಿ ಎದ್ದಿತು. ಕ್ವಾರ್ಟರ್ಸ್, ಶಾಲೆ, ಆಸ್ಪತ್ರೆ, ಕ್ಯಾಂಟೀನು, ಬಸ್ಸು, ಮೈದಾನ. ಬೆಳಿಗ್ಗೆ ಸೈರನ್ ಕೂಗಿದರೆ ಸಾವಿರಾರು ಜನ ಗೇಟಿನೊಳಗೆ. ನಕ್ಷೆಯಲ್ಲಿ ನೋಡಿದರೆ ರೆಜಿಮೆಂಟಿಗೂ ಇದಕ್ಕೂ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ.

ಈ ಕಾರ್ಖಾನೆಗಳಿಗೆ ಮೊದಲ ದಶಕಗಳಲ್ಲಿ ಬಂದವರಲ್ಲಿ ದಂಡಿನ ಹುಡುಗರು ಬಹಳ. ಸೇನೆಯ ವರ್ಕ್‌ಶಾಪುಗಳ ನೆರಳಿನಲ್ಲಿ ಬೆಳೆದು ಅಷ್ಟಿಷ್ಟು ಇಂಗ್ಲಿಷು, ಯಂತ್ರದ ಕೆಲಸ ಕಲಿತಿದ್ದವರು. ಅವರ ಜೊತೆ ಅವರ ಆಟವೂ ಬಂತು. ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್‌ಗೆ ತಂಡಗಳಾದವು. ರಕ್ಷಣಾ ಇಲಾಖೆಯ ಪ್ರಯೋಗಾಲಯ ಎಲ್‌ಆರ್‌ಡಿಇ, ತಪಾಸಣಾ ಕಚೇರಿ ಸಿಐಎಲ್ ಕೂಡ ಬಲವಾದ ತಂಡಗಳನ್ನು ಕಟ್ಟಿದವು. ಬೆಂಗಳೂರು ಲೀಗ್‌ನ ಪಟ್ಟಿ ನೋಡಿದರೆ ಸಾರ್ವಜನಿಕ ಉದ್ದಿಮೆಗಳ ಪಟ್ಟಿಯನ್ನೇ ಓದಿದಂತಿರುತ್ತಿತ್ತು.

ಕಾರ್ಖಾನೆ ತಂಡದ ಒಳಗಿನ ವ್ಯವಸ್ಥೆಯನ್ನು ನಮ್ಮ ಮನೆ ಮಾಲೀಕರು ನನಗೆ ಬೆರಳೆಣಿಸುತ್ತಾ ವಿವರಿಸಿದರು. ಚೆನ್ನಾಗಿ ಆಡುವ ಹುಡುಗನನ್ನು ಕ್ರೀಡಾ ಕೋಟಾದಲ್ಲಿ ಕೆಲಸಕ್ಕೆ ತೆಗೆದುಕೊಳ್ಳುತ್ತಿದ್ದರು. ಸಹಾಯಕ, ಗುಮಾಸ್ತ, ತಂತ್ರಜ್ಞ, ಓದಿಗೆ ತಕ್ಕ ದರ್ಜೆ. ಬೆಳಿಗ್ಗೆ ಅಭ್ಯಾಸ, ಆಮೇಲೆ ಕೆಲಸ. ಟೂರ್ನಿ ಹತ್ತಿರ ಬಂದರೆ ಅರ್ಧ ದಿನ ಬಿಡುಗಡೆ. ಹೊರಊರಿಗೆ ಹೋದರೆ ವಿಶೇಷ ಸಾಂದರ್ಭಿಕ ರಜೆ, ಸಂಬಳ ಕಡಿತವಿಲ್ಲ. ಮೂವತ್ತು ದಾಟಿ ಮೊಣಕಾಲು ಕೈಕೊಟ್ಟರೂ ನೌಕರಿ ಉಳಿಯುತ್ತಿತ್ತು. 58ರವರೆಗೆ ಕೆಲಸ, ಆಮೇಲೆ ಪಿಎಫ್, ಗ್ರ್ಯಾಚುಟಿ. ‘ಆಡೋನಿಗೆ ಆಡೋದರ ಭಯ ಇರಲಿಲ್ಲಮ್ಮಾ’ ಎಂದರು. ಅಭ್ಯಾಸಕ್ಕೆ ಹೋದ ಹುಡುಗನ ಪಾಲಿನ ಕೆಲಸ ಯಾರು ಮಾಡುತ್ತಿದ್ದರು ಎಂದು ಕೇಳಿದೆ. ‘ಯಾರು ಅಂದ್ರೆ? ನಾವೇ.’

ಅವರ ‘ಸೋಲಿಸಿದ್ವಿ’ಯ ವ್ಯಾಕರಣ ನನಗೆ ಆಗ ತಿಳಿಯಿತು. ಸೆಂಟರ್ ಫಾರ್ವರ್ಡ್ ಮೈದಾನದಲ್ಲಿದ್ದಾಗ ಅವನ ಬೆಂಚಿನ ರಿಲೇಗಳನ್ನು ಪಕ್ಕದವನು ಜೋಡಿಸಿ ಮುಗಿಸಿದ್ದಾನೆ. ಎರ್ನಾಕುಲಂನ ಆ ಒಂದು ಗೋಲಿನಲ್ಲಿ ಅವನ ಪಾಲೂ ಇದೆ. ಫಲಿತಾಂಶವನ್ನು ಅವರು ಓದಿದ್ದು ಕ್ಯಾಂಟೀನಿಗೆ ಬಂದ ಪತ್ರಿಕೆಯಲ್ಲಂತೆ. ಒಂದೇ ಪ್ರತಿ, ಕೈಯಿಂದ ಕೈಗೆ ಹೋಗಿ ಸಂಜೆ ಹೊತ್ತಿಗೆ ಎಣ್ಣೆಯ ಬೆರಳಚ್ಚಿನಿಂದ ತುಂಬಿತ್ತು.

ಇದನ್ನು ಸುವರ್ಣಯುಗವೆಂದು ಹಾಡಿ ಹೊಗಳುವ ಆಸೆ ನನಗಿಲ್ಲ. ಅದೇ ಗೇಟಿನೊಳಗೆ ಜಗಳಗಳೂ ಇದ್ದವು. ವೇತನ ಪರಿಷ್ಕರಣೆಗಾಗಿ 1980ರ ಡಿಸೆಂಬರ್ ಕೊನೆಯಲ್ಲಿ ಬೆಂಗಳೂರಿನ ಸಾರ್ವಜನಿಕ ಉದ್ದಿಮೆಗಳಲ್ಲಿ ಶುರುವಾದ ಮುಷ್ಕರ 77 ದಿನ ನಡೆಯಿತು. ಐಟಿಐ, ಎಚ್‌ಎಎಲ್, ಎಚ್‌ಎಂಟಿ, ಬಿಇಎಲ್, ಬಿಇಎಂಎಲ್‌ಗಳ ಲಕ್ಷಕ್ಕೂ ಹೆಚ್ಚು ಕಾರ್ಮಿಕರು ಕೆಲಸ ನಿಲ್ಲಿಸಿದ್ದರು. ಕಪ್ ತಂದಾಗ ಒಂದಾಗಿದ್ದ ‘ನಾವು’ ಸಂಬಳದ ಮಾತು ಬಂದಾಗ ಎರಡಾಯಿತು. ಆಡುವ ಅವಕಾಶವೂ ಗಂಡಸರಿಗೇ ಹೆಚ್ಚು. ಕಾಯಿಲ್ ಸುತ್ತುವ, ಬಿಡಿಭಾಗ ಜೋಡಿಸುವ ಕೆಲಸದಲ್ಲಿ ನೂರಾರು ಹೆಣ್ಣುಮಕ್ಕಳು ಇದ್ದರು. ಫುಟ್‌ಬಾಲ್ ಮೈದಾನದಲ್ಲಿ ಅವರಿಗೆ ಜಾಗವಿರಲಿಲ್ಲ.

*

ಹೀಗಿದ್ದೂ ಈ ಗೆಲುವು ನಮ್ಮ ನೆನಪಿನಲ್ಲಿ ಯಾಕಿಲ್ಲ? ಕನ್ನಡ ಸಾಹಿತ್ಯದ ವಿದ್ಯಾರ್ಥಿನಿಯಾಗಿ ನನ್ನನ್ನು ಹೆಚ್ಚು ಕಾಡಿದ ಪ್ರಶ್ನೆ ಇದು. ನಾನು ಓದಿಕೊಂಡು ಬಂದ ಬೆಂಗಳೂರಿನಲ್ಲಿ ಕೆಂಪೇಗೌಡರಿದ್ದರು, ಬಸವನಗುಡಿ ಇತ್ತು, ಗಾಂಧಿಬಜಾರಿನ ಕಾಫಿ ಇತ್ತು, ಸೆಂಟ್ರಲ್ ಕಾಲೇಜಿನ ಮೇಷ್ಟರುಗಳಿದ್ದರು. ದಂಡು ಬಂದರೂ ದೂರದ, ಬೇರೆ ಭಾಷೆಯ ಊರಿನಂತೆ ಬರುತ್ತಿತ್ತು. ಕಬ್ಬನ್ ಪಾರ್ಕಿನ ಆಚೆಗಿನ ಲೋಕದ ಸುದ್ದಿ ನಮಗೆ ಅಷ್ಟಾಗಿ ಬೇಕಿರಲಿಲ್ಲ.

ಇದಕ್ಕೆ ಕಾರಣಗಳು ಇಲ್ಲದಿಲ್ಲ. ಕೇಂದ್ರ ಸರ್ಕಾರದ ಕಾರ್ಖಾನೆಗಳಲ್ಲಿ ಕನ್ನಡಿಗರಿಗೆ ಕೆಲಸ ಸಿಗುತ್ತಿಲ್ಲ ಎಂಬ ಸಂಕಟ ನಿಜವಾಗಿತ್ತು. 1982ರ ಗೋಕಾಕ್ ಚಳವಳಿಯ ಬೆನ್ನಿಗೆ ಬಂದ ಸರೋಜಿನಿ ಮಹಿಷಿ ವರದಿ ಆ ಸಂಕಟದಿಂದಲೇ ಹುಟ್ಟಿತು. ಕಾರ್ಖಾನೆಗಳ ಒಳಗೇ ಕನ್ನಡ ಸಂಘಗಳು ಎದ್ದವು, ರಾಜ್ಯೋತ್ಸವ ನಡೆಸಿದವು, ನಾಟಕ ಆಡಿಸಿದವು. ಆ ಹೋರಾಟದ ಹೊತ್ತಿನಲ್ಲಿ ಹೆಚ್ಚಾಗಿ ತಮಿಳು, ಉರ್ದು, ಮಲಯಾಳ ಮಾತಾಡುವವರಿದ್ದ ತಂಡವೊಂದರ ಗೆಲುವನ್ನು ‘ನಮ್ಮದು’ ಎನ್ನುವುದು ಸುಲಭವಿರಲಿಲ್ಲ. ಅತ್ತ ಕೋಲ್ಕತ್ತದ ಬರಹಗಾರರಿಗೂ ಅದು ಬೇಕಿರಲಿಲ್ಲ. ಅವರಿಗೆ 1977 ಎಂದರೆ ಪೆಲೆ. ಹೀಗೆ ಐಟಿಐಯ ಆ ಋತು ಎರಡು ಭಾಷೆಗಳ ನಡುವಿನ ಸಂದಿಯಲ್ಲಿ ಬಿದ್ದುಹೋಯಿತು.

ಆದರೆ ನಮ್ಮ ಮನೆ ಮಾಲೀಕರ ವಿಷಯಕ್ಕೇ ಬಂದರೆ, ಅವರ ಮನೆಯೊಳಗಿನ ಮಾತು ತಮಿಳು. ನನ್ನೊಡನೆ, ತರಕಾರಿಯವನೊಡನೆ, ಮೊಮ್ಮಗಳ ಹೋಮ್‌ವರ್ಕಿನೊಡನೆ ಕನ್ನಡ. ಆ ಗೆಲುವನ್ನು ಅವರು ನನಗೆ ಹೇಳಿದ್ದು ಕನ್ನಡದಲ್ಲಿ. ಅದನ್ನು ಕನ್ನಡದ ಚರಿತ್ರೆಯೊಳಗೆ ಸೇರಿಸಿಕೊಳ್ಳಲು ಇದಕ್ಕಿಂತ ದೊಡ್ಡ ಪುರಾವೆ ಬೇಕೆಂದು ನನಗೆ ಅನಿಸುವುದಿಲ್ಲ.

*

ಮುಂದಿನ ಕಥೆ ಬೇಗ ಹೇಳಬಹುದು. ಎಪ್ಪತ್ತರ ದಶಕದಲ್ಲಿ ಪೀಣ್ಯದ ಕೈಗಾರಿಕಾ ಪ್ರದೇಶ ಬೆಳೆಯಿತು. ಅದೇ ದಶಕದ ಕೊನೆಗೆ ಆರ್.ಕೆ. ಬಾಳಿಗರ ಕನಸಿನ ಎಲೆಕ್ಟ್ರಾನಿಕ್ ಸಿಟಿಗೆ ಕಿಯೋನಿಕ್ಸ್ ಅಡಿಪಾಯ ಹಾಕಿತು. ತೊಂಬತ್ತರ ದಶಕದಲ್ಲಿ ವೈಟ್‌ಫೀಲ್ಡ್‌ನಲ್ಲಿ ಐಟಿಪಿಎಲ್ ಎದ್ದಿತು. ಪೀಣ್ಯ ಮುಖ್ಯವಾಗಿ ಸಣ್ಣ ಘಟಕಗಳ ಊರು. ಲೇತ್, ಪ್ಲೇಟಿಂಗ್, ಪೌಡರ್ ಕೋಟಿಂಗ್. ಹನ್ನೊಂದು ಜನರ ತಂಡ ಕಟ್ಟಬೇಕೆಂದರೆ ಹನ್ನೊಂದು ಜನ ಕೆಲಸಗಾರರೇ ಇಲ್ಲದ ಶೆಡ್ಡುಗಳು ಅಲ್ಲಿ ಎಷ್ಟೋ. ಅಲ್ಲಿ ಒಬ್ಬ ಹುಡುಗ ಅರ್ಧ ದಿನ ಆಡಲು ಹೋದರೆ ಯಂತ್ರವೇ ನಿಂತುಹೋಗುತ್ತದೆ. ಎಲೆಕ್ಟ್ರಾನಿಕ್ ಸಿಟಿ ಮತ್ತು ವೈಟ್‌ಫೀಲ್ಡ್‌ನಲ್ಲಿ ಜನ ಸಾವಿರಾರು ಇದ್ದರೂ ಕೆಲಸದ ಹೊತ್ತು ಅಮೆರಿಕದ ಗಡಿಯಾರಕ್ಕೆ ಕಟ್ಟಿದ್ದು. ಗೇಟು ಕಾಯುವವರು, ಕ್ಯಾಂಟೀನಿನವರು, ಕಸ ಗುಡಿಸುವವರು ಗುತ್ತಿಗೆಯ ಮೇಲೆ ಬಂದವರು. ವರ್ಷಗಟ್ಟಲೆ ಒಟ್ಟಿಗಿರುವ ಹನ್ನೊಂದು ಜನ ಅಲ್ಲಿ ಸಿಗುವುದಿಲ್ಲ.

1991ರ ನಂತರ ದೂರಸಂಪರ್ಕ ಉಪಕರಣಗಳ ಮಾರುಕಟ್ಟೆ ಖಾಸಗಿಯವರಿಗೆ ತೆರೆದುಕೊಂಡಿತು. ಐಟಿಐಗೆ ಆರ್ಡರುಗಳು ಕರಗಿದವು, ಸ್ವಯಂನಿವೃತ್ತಿ ಯೋಜನೆಗಳು ಬಂದವು, ಹೊಸ ನೇಮಕಾತಿ ನಿಂತಿತು. ನೇಮಕಾತಿ ನಿಂತ ಮೇಲೆ ಕ್ರೀಡಾ ಕೋಟಾ ಎಲ್ಲಿಂದ ಬರಬೇಕು? ತಂಡಕ್ಕೆ ವಯಸ್ಸಾಯಿತು. ಎಚ್‌ಎಎಲ್ ಇನ್ನಷ್ಟು ಕಾಲ ಹಿಡಿದುಕೊಂಡಿತು. ಐ-ಲೀಗ್‌ನಲ್ಲಿ ಆಡಿ 2011-12ರ ಋತುವಿನ ಕೊನೆಗೆ ಕೆಳಗಿಳಿಯಿತು. ಮರುವರ್ಷ, 2013ರಲ್ಲಿ, ಉಕ್ಕಿನ ಉದ್ಯಮದ ಜೆಎಸ್‌ಡಬ್ಲ್ಯು ಸಮೂಹ ಬೆಂಗಳೂರು ಎಫ್‌ಸಿ ಕಟ್ಟಿತು. ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದಿತು. ಕಂಠೀರವದ ಗ್ಯಾಲರಿ ನೀಲಿಯಾಯಿತು. 2017ರ ಕಟಕ್ ಫೈನಲ್ ಆ ಹರಿವಿನಲ್ಲಿ ಬಂದದ್ದು.

ಹೊಸ ವ್ಯವಸ್ಥೆ ಕೊಟ್ಟದ್ದು ಕಡಿಮೆಯೇನಲ್ಲ. ತರಬೇತಿ, ವೈದ್ಯರು, ಆಹಾರ, ವಿಮಾನ ಪ್ರಯಾಣ ಎಲ್ಲವೂ ಆಟಗಾರನಿಗೆ ಸಿಕ್ಕಿತು. ಸಿಗದೆ ಹೋದದ್ದು ಮೂವತ್ತೈದರ ನಂತರದ ಬದುಕಿನ ಖಾತ್ರಿ. ಹಾಗಾಗಿ ಈಗಲೂ ಆಡುವ ಹುಡುಗರಲ್ಲಿ ಎಷ್ಟೋ ಜನ ರೈಲ್ವೆ, ಪೊಲೀಸ್, ಸೇನೆಯ ನೌಕರಿ ಹುಡುಕುತ್ತಾರೆ. ದೇಶದ ದೊಡ್ಡ ಕಾರ್ಖಾನೆ ತಂಡಗಳು ಒಂದೊಂದಾಗಿ ಮರೆಯಾದರೂ ಸೇನೆಯ ತಂಡ ಉಳಿದಿದೆ, ಗೆಲ್ಲುತ್ತಲೂ ಇದೆ. 2012ರಿಂದ ಈಚೆಗೆ ಸಂತೋಷ್ ಟ್ರೋಫಿಯನ್ನು ಹೆಚ್ಚು ಸಲ ಎತ್ತಿದ್ದು ಸರ್ವಿಸಸ್ ತಂಡ. 2016ರಲ್ಲಿ ಡುರಾಂಡ್ ಕಪ್ ಗೆದ್ದದ್ದು ಆರ್ಮಿ ಗ್ರೀನ್. ಆ ವರ್ಷಗಳಲ್ಲಿ ಬೆಂಗಳೂರು ಎಫ್‌ಸಿಯ ನಾಯಕನಾಗಿದ್ದ ಸುನಿಲ್ ಛೇಟ್ರಿ ಹುಟ್ಟಿದ್ದೂ ಸಿಕಂದರಾಬಾದಿನಲ್ಲಿ, ಸೈನಿಕನ ಮಗನಾಗಿ. ದಂಡು ಕೈಬಿಟ್ಟ ಆಟವನ್ನು ಕಾರ್ಖಾನೆ ಹಿಡಿದುಕೊಂಡಿತು ಎಂದು ನಾನು ಮೊದಲು ತಿಳಿದಿದ್ದೆ. ಈಗ ನೋಡಿದರೆ ದಂಡು ಅದನ್ನು ಕೈಬಿಟ್ಟೇ ಇರಲಿಲ್ಲ.

2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷಗಳ ನಂತರ ಸಂತೋಷ್ ಟ್ರೋಫಿ ಗೆದ್ದಿತು. ಸೆಮಿಫೈನಲ್‌ನಲ್ಲಿ ಸೋಲಿಸಿದ್ದು ಸರ್ವಿಸಸ್ ತಂಡವನ್ನು. ಮರುದಿನ ಪತ್ರಿಕೆ ಹಿಡಿದುಕೊಂಡು ಕೆಳಗಿಳಿದೆ. ಮಾಲೀಕರು ಕನ್ನಡಕ ಹಾಕಿಕೊಂಡು ಸುದ್ದಿ ಪೂರ್ತಿ ಓದಿದರು. ಆಟಗಾರರ ಹೆಸರುಗಳ ಮೇಲೆ ಬೆರಳಾಡಿಸಿದರು. ‘ಈ ಹುಡುಗರು ಎಲ್ಲಿ ಕೆಲಸ ಮಾಡ್ತಾರಂತೆ?’ ಎಂದು ಕೇಳಿದರು.

ಪತ್ರಿಕೆಯಲ್ಲಿ ಅದಿರಲಿಲ್ಲ. ಆಡುವುದೇ ಈಗ ಕೆಲಸ ಇರಬೇಕು ಎಂದೆ. ಅವರು ಪತ್ರಿಕೆ ಮಡಿಸಿ ಕೊಟ್ಟು, ‘ಆಮೇಲೆ?’ ಎಂದರು.

ಸಂಜೆ ವೈಟ್‌ಫೀಲ್ಡ್ ಕಡೆ ಹೋಗುವ ಮೆಟ್ರೊದಿಂದ ಕೆಳಗೆ ನೋಡಿದರೆ ಅಲ್ಲಲ್ಲಿ ಬಲೆ ಕಟ್ಟಿದ ಹಸಿರು ಚೌಕಗಳು ಕಾಣುತ್ತವೆ. ಗಂಟೆಗಿಷ್ಟು ಎಂದು ಬಾಡಿಗೆಗೆ ಸಿಗುವ ಟರ್ಫ್‌ಗಳು. ಫ್ಲಡ್‌ಲೈಟಿನ ಕೆಳಗೆ ಐದೈದು ಜನ ಆಡುತ್ತಿರುತ್ತಾರೆ. ಬಲೆಯ ಆಚೆ ಬೈಕ್ ನಿಲ್ಲಿಸಿ, ಬೆನ್ನಿಗೆ ಊಟದ ಚೀಲ ನೇತುಹಾಕಿಕೊಂಡ ಡೆಲಿವರಿ ಹುಡುಗನೊಬ್ಬ ನೋಡುತ್ತಾ ನಿಂತಿದ್ದನ್ನು ಮೊನ್ನೆ ಕಂಡೆ. ಚೆಂಡು ಬಲೆಗೆ ಬಡಿದಾಗ ಅವನ ಬಲಗಾಲು ತಾನಾಗಿಯೇ ಸ್ವಲ್ಪ ಮುಂದೆ ಚಾಚಿತು. ಅಷ್ಟರಲ್ಲಿ ಫೋನು ಸದ್ದು ಮಾಡಿತೇನೋ, ಹೆಲ್ಮೆಟ್ಟು ಹಾಕಿಕೊಂಡು ಹೊರಟ.